ಎತ್ತಲಾಗುವ ಕ್ಯಾನಿನಲ್ಲೇ ನೀರಿಡಿ

ನಮ್ಮ ಮನೆಯಲ್ಲಿ 200 ಲೀಟರಿನ ಒಂದು ನೀಲಿ ಡ್ರಮ್ಮು ಇತ್ತು. ಅದು ತುಂಬಿದೆ ಅಂದರೆ ನನಗೆ ಧೈರ್ಯ. ಏನೇ ಆದರೂ ಐದು ಜನಕ್ಕೆ ನೀರಿದೆ ಎಂದುಕೊಂಡಿದ್ದೆ. ಒಂದು ಸಲ ದೊಡ್ಡ ಪೈಪು ಒಡೆದು ನಾಲ್ಕು ದಿನ ನಲ್ಲಿಯಲ್ಲಿ ಹನಿ ಬರಲಿಲ್ಲ. ಎರಡನೇ ದಿನ ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದೆ. ನೀರಿನ ಮೇಲೆ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಒಳಗಿನ ಗೋಡೆ ಮುಟ್ಟಿದರೆ ಲೋಳೆ. ಮುಚ್ಚಳ ಯಾವಾಗಲೋ ಸೀಳಿತ್ತು, ನಾವು ನೋಡಿರಲಿಲ್ಲ. ಆ ನೀರು ಯಾವಾಗ ತುಂಬಿಸಿದ್ದು ಎಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಆಗ ನಮ್ಮ ಅತ್ತೆಗೆ 78 ವರ್ಷ, ಮಗಳಿಗೆ ಮೂರು. ಅಂಥ ನೀರನ್ನು ಅವರಿಬ್ಬರ ಮುಂದೆ ಹೇಗೆ ಇಡಲಿ? ಕುದಿಸೋಣ ಅಂದರೆ ಗ್ಯಾಸು ತಳ ಹಿಡಿದಿತ್ತು. ಡ್ರಮ್ಮನ್ನು ಬಗ್ಗಿಸಿ ಚೆಲ್ಲೋಣ ಅಂದರೆ ಅಲ್ಲಾಡಿಸಲೂ ಆಗಲಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅಂದರೆ ಅದು 200 ಕಿಲೋ. ಏಳು ವರ್ಷವಾಯಿತು, ಆ ಬೆಳಗಿನ ಹೆದರಿಕೆ ಇನ್ನೂ ಮರೆತಿಲ್ಲ. ಆಮೇಲೆ ನೀರಿಡುವ ರೀತಿಯನ್ನೇ ಬದಲಿಸಿದೆ. ನೀವು ಹೀಗೆ ಮಾಡಿ ಎಂದು ನಾನು ಹೇಳುವುದೆಲ್ಲ ಈ ಏಳು ವರ್ಷ ಮಾಡಿ ನೋಡಿದ್ದು.

ಮೊದಲು ಲೆಕ್ಕ. ಒಬ್ಬರಿಗೆ ದಿನಕ್ಕೆ 4 ಲೀಟರ್ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಕುಡಿಯಲು, ಉಳಿದದ್ದು ಅಡುಗೆಗೆ, ಕೈ ಬಾಯಿ ತೊಳೆಯಲು. ಕಡಿಮೆ ಅಂದರೂ ಮೂರು ದಿನಕ್ಕಾಗುವಷ್ಟು ಬೇಕು. ನಾವು ಐವರು, ಹಾಗಾಗಿ ಮೂರು ದಿನಕ್ಕೆ 60 ಲೀಟರ್, ಒಂದು ವಾರಕ್ಕೆ 140. ಎರಡು ವಾರದ್ದು ಇಟ್ಟರೆ ಇನ್ನೂ ಒಳ್ಳೆಯದು. ಆದರೆ ಮೊದಲ ದಿನವೇ ಅಷ್ಟಕ್ಕೆ ಕೈ ಹಾಕಬೇಡಿ. ಮೂರು ದಿನದಿಂದ ಶುರು ಮಾಡಿ, ಜಾಗ ನೋಡಿಕೊಂಡು ಹೆಚ್ಚಿಸಿ. ಸೆಕೆ ಜಾಸ್ತಿ ಇದ್ದರೆ, ಮನೆಯಲ್ಲಿ ಹಾಲೂಡಿಸುವ ತಾಯಿ ಇದ್ದರೆ, ಜ್ವರ ಭೇದಿಯವರಿದ್ದರೆ ಅವರ ಪಾಲು ಹೆಚ್ಚಿಗೆ ಬೇಕು. ನಾಯಿ ಬೆಕ್ಕಿನ ಪಾಲನ್ನೂ ಮರೆಯಬೇಡಿ.

ಇದರಲ್ಲಿ ಸ್ನಾನ, ಬಟ್ಟೆ, ಪಾಯಖಾನೆ ಸೇರಿಲ್ಲ. ವಿಪತ್ತಿನಲ್ಲಿ ನೆರವು ಕೊಡುವವರು ಅನುಸರಿಸುವ ಸ್ಫಿಯರ್ ಮಾನದಂಡದಲ್ಲಿ ಕುಡಿಯುವುದು, ಅಡುಗೆ, ಸ್ವಚ್ಛತೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದಿದೆ. ಅಷ್ಟನ್ನೂ ಕುಡಿಯುವ ನೀರಾಗಿಯೇ ಇಡುವುದು ಕಷ್ಟ. ಅದಕ್ಕೇ ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ.

ಈಗ ಕ್ಯಾನಿನ ಮಾತು. ನಮ್ಮಲ್ಲಿ 5 ಲೀಟರಿನ ಇಪ್ಪತ್ತು ಕ್ಯಾನ್, 20 ಲೀಟರಿನ ನಲ್ಲಿ ಇರುವ ಎರಡು ಕ್ಯಾನ್ ಇವೆ. ಒಟ್ಟು 140. ಎಲ್ಲವನ್ನೂ ದೊಡ್ಡದರಲ್ಲೇ ಯಾಕೆ ಇಡಲಿಲ್ಲ ಎಂದು ಕೇಳುತ್ತಾರೆ. ನಮ್ಮ ಅತ್ತೆ ಒಬ್ಬರೇ ಇದ್ದಾಗ ನೀರು ನಿಂತರೆ? ಅವರು 5 ಲೀಟರಿನದನ್ನು ಎತ್ತಬಲ್ಲರು, 20 ಲೀಟರಿನದನ್ನು ಎತ್ತಲಾರರು. ಒಂದು ಕ್ಯಾನ್ ಸೋರಿದರೂ ಕೆಟ್ಟರೂ ಐದೇ ಲೀಟರ್ ಹೋಗುತ್ತದೆ. ಮನೆ ಬಿಟ್ಟು ಹೊರಡಬೇಕಾದರೆ ಕೈಗೊಂದು ಹಿಡಿದು ನಡೆಯಬಹುದು. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವರು ಯಾರು ನೋಡಿ, ಅವರ ಕೈಗೆ ತಕ್ಕ ಕ್ಯಾನ್ ಆರಿಸಿ.

ಕ್ಯಾನಿನ ತಳದಲ್ಲಿ ತ್ರಿಕೋನದ ಗುರುತಿನೊಳಗೆ ಒಂದು ಸಂಖ್ಯೆ ಇರುತ್ತದೆ. 1 ಅಥವಾ 2 ಇದ್ದು, ಆಹಾರ ಇಡಲೆಂದೇ ಮಾಡಿದ್ದಾದರೆ ತೆಗೆದುಕೊಳ್ಳಿ. ಬಾಯಿ ಕಿರಿದಾಗಿರಲಿ, ಕೈ ಒಳಗೆ ಹೋಗಬಾರದು. ಒಳ್ಳೆಯ ನೀರು ಕೆಡುವುದು ಹೆಚ್ಚಾಗಿ ನಾವು ಅದ್ದುವ ಕೈಯಿಂದ, ಲೋಟದಿಂದ. ಹಾಲಿನ ಪ್ಲಾಸ್ಟಿಕ್ ಬಾಟಲಿ ಬೇಡ, ಎಷ್ಟು ತೊಳೆದರೂ ಹಾಲಿನ ಅಂಶ ಉಳಿದು ಸೂಕ್ಷ್ಮಾಣು ಬೆಳೆಯುತ್ತವೆ. ಕೀಟನಾಶಕ, ಬಣ್ಣ, ಎಣ್ಣೆ ರಾಸಾಯನಿಕ ಇದ್ದ ಡಬ್ಬವನ್ನಂತೂ ಕುಡಿಯುವ ನೀರಿಗೆ ಯಾವತ್ತೂ ಬಳಸಬೇಡಿ.

ತುಂಬುವ ಮೊದಲು ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಜಾಲಿಸಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ಬೆರೆಸಿ, ಕ್ಯಾನಿಗೆ ಹಾಕಿ, ಮುಚ್ಚಿ, ಒಳಗಿನ ಎಲ್ಲ ಬದಿಗೂ ತಾಗುವ ಹಾಗೆ ಕುಲುಕಿ. ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಒಣಗಲು ಬಿಡಿ, ಇಲ್ಲವೇ ಶುದ್ಧ ನೀರಲ್ಲಿ ಜಾಲಿಸಿ. ಇಲ್ಲಿ ಬ್ಲೀಚ್ ಅಂದರೆ ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್, ಶೇ 5ರಿಂದ 9ರಷ್ಟು ಇರುವಂಥದ್ದು. ಪುಡಿಗೆ ಈ ಅಳತೆ ಹೊಂದುವುದಿಲ್ಲ. ಸುವಾಸನೆ, ಸೋಪು ಸೇರಿಸಿದ ಬ್ಲೀಚೂ ಬೇಡ. ಲೇಬಲ್ ಓದದೆ ತರಬೇಡಿ.

ನಿಮ್ಮ ನಲ್ಲಿಯಲ್ಲಿ ಶುದ್ಧೀಕರಿಸಿದ ನೀರು ಬರುತ್ತಿದ್ದರೆ ನೇರವಾಗಿ ತುಂಬಿ. ಬಾವಿ, ಬೋರ್‌ವೆಲ್ ನೀರಾದರೆ ಕುದಿಸಿ ಆರಿಸಿ ತುಂಬಿ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿ ಇರುವವರು ಮೂರು ನಿಮಿಷ ಕುದಿಸಬೇಕು, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಬಿಗಿಯಾಗಿ ಮುಚ್ಚಿ, ಮಾರ್ಕರಿನಲ್ಲಿ ಎರಡು ಸಾಲು ಬರೆಯಿರಿ: ಕುಡಿಯುವ ನೀರು, ತುಂಬಿದ ತಾರೀಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು. ಅವಳಿಗೀಗ ಹತ್ತು ವರ್ಷ, ತಾರೀಕು ತಪ್ಪುವುದಿಲ್ಲ.

ಮನೆಯಲ್ಲೇ ತುಂಬಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಆದರೆ ಆರು ತಿಂಗಳಿಗೊಮ್ಮೆ ಮಾಡುವ ಕೆಲಸ ಯಾರಿಗೆ ನೆನಪಿರುತ್ತದೆ? ನನ್ನ ಡ್ರಮ್ಮು ಕೆಟ್ಟಿದ್ದೂ ಹಾಗೆಯೇ ಅಲ್ವಾ. ಅದಕ್ಕೆ ಪ್ರತಿ ತಿಂಗಳ ಮೊದಲ ಭಾನುವಾರ ನಾಲ್ಕು ಸಣ್ಣ ಕ್ಯಾನ್ ಮಾತ್ರ ಖಾಲಿ ಮಾಡಿ ತುಂಬುತ್ತೇವೆ. ಐದು ತಿಂಗಳಿಗೆ ಇಪ್ಪತ್ತೂ ಒಂದು ಸುತ್ತು ಬರುತ್ತವೆ. ಆರನೇ ತಿಂಗಳು ದೊಡ್ಡವೆರಡರ ಸರದಿ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ. ಹಳೆಯ ನೀರು ಗಿಡಕ್ಕೆ, ನೆಲ ಒರೆಸಲು ಹೋಗುತ್ತದೆ. ಅರ್ಧ ಗಂಟೆಯ ಕೆಲಸ.

ಇಡುವ ಜಾಗ ತಂಪಾಗಿರಲಿ, ಬಿಸಿಲು ಬೀಳದಿರಲಿ. ಪೆಟ್ರೋಲು, ಕೀಟನಾಶಕದ ಹತ್ತಿರ ಇಡಬೇಡಿ, ಅವುಗಳ ಆವಿ ಪ್ಲಾಸ್ಟಿಕ್ಕಿನ ಮೂಲಕ ಒಳಗೆ ಇಳಿಯಬಹುದು. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಗುಡ್ಡೆ ಹಾಕಬೇಡಿ. ಭೂಮಿ ನಡುಗುವ ಕಡೆ ಭಾರದ್ದು ನೆಲದ ಮೇಲೇ ಇರಬೇಕು. ನೆರೆ ನುಗ್ಗುವ ಕಡೆ ಸ್ವಲ್ಪವಾದರೂ ಮೇಲಿನ ಮಹಡಿಯಲ್ಲಿರಲಿ.

ಬಳಸುವ ನೀರಿಗೆ ಬಕೆಟ್ಟು, ಡ್ರಮ್ಮು ಸರಿ. ಆದರೆ ಸೊಳ್ಳೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯಲ್ಲಿ ಕೂಡಿಟ್ಟ ತಿಳಿನೀರನ್ನೇ ಹುಡುಕಿ ಬರುತ್ತದೆ. ಪಾತ್ರೆಯ ಒಳಗೋಡೆಯಲ್ಲಿ, ನೀರಿನ ಅಂಚಿಗಿಂತ ತುಸು ಮೇಲೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಹೋಗುವುದಿಲ್ಲ. ಒಣಗಿದ ಡ್ರಮ್ಮಿನಲ್ಲೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಒಡೆಯುತ್ತವೆ. ಸೆಕೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ನಾನು ಹಿಂದೆ ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿಸುತ್ತಿದ್ದೆ, ಅದರಿಂದ ಪ್ರಯೋಜನ ಇರಲಿಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಲೇಬೇಕು. ಮುಚ್ಚಳಕ್ಕೆ ಬಿರುಕಿದೆಯಾ ನೋಡಿ. ಅನುಮಾನವಿದ್ದರೆ ಸಣ್ಣ ಕಣ್ಣಿನ ಬಲೆ ಕಟ್ಟಿ.

ಕೂಡಿಟ್ಟಿದ್ದು ಮುಗಿದರೂ ಮನೆಯಲ್ಲಿ ನೀರು ಇರುತ್ತದೆ. ಗೀಸರಿನ ತೊಟ್ಟಿಯಲ್ಲಿ ಹತ್ತಾರು ಲೀಟರ್ ಇರಬಹುದು. ಮೊದಲು ಅದರ ಸ್ವಿಚ್ ಆರಿಸಿ, ನೀರು ಆರಲು ಬಿಡಿ, ಒಳಬರುವ ವಾಲ್ವ್ ಮುಚ್ಚಿ. ಆಮೇಲೆ ಬಿಸಿನೀರಿನ ನಲ್ಲಿಯೊಂದನ್ನು ತೆರೆದಿಟ್ಟು ಕೆಳಗಿನ ವಾಲ್ವಿನಿಂದ ಹಿಡಿಯಿರಿ. ತೊಟ್ಟಿ ಮತ್ತೆ ತುಂಬುವ ತನಕ ಸ್ವಿಚ್ ಹಾಕಬಾರದು. ಫ್ರಿಜ್ಜಿನ ಐಸೂ ನೀರೇ. ಕಾರಿನ ರೇಡಿಯೇಟರ್ ನೀರು ಮಾತ್ರ ಕುಡಿಯುವಂಥದ್ದಲ್ಲ.

ಹೊರಗಿನಿಂದ ತಂದ ನೀರು ಶುದ್ಧವೋ ಅಲ್ಲವೋ ಗೊತ್ತಿಲ್ಲದಿದ್ದರೆ ಕುದಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಶುಭ್ರ ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಗ್ಗಿಸಿಕೊಳ್ಳಿ. ಲೀಟರಿಗೆ 2 ಹನಿ ಬ್ಲೀಚ್, ನೀರು ಕಲಕಾಗಿದ್ದರೆ 4 ಹನಿ. ಕಲಸಿ 30 ನಿಮಿಷ ಕಾಯಿರಿ. ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು. ಬರದಿದ್ದರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ 15 ನಿಮಿಷ ಬಿಡಿ. ಕೀಟನಾಶಕ, ಪೆಟ್ರೋಲು ಬೆರೆತ ನೀರಿಗೆ ಕುದಿಸುವುದೂ ಬ್ಲೀಚೂ ಎರಡೂ ನಡೆಯುವುದಿಲ್ಲ, ಅದನ್ನು ಬಿಟ್ಟುಬಿಡಿ. ಬ್ಲೀಚ್ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ, ವರ್ಷಕ್ಕೊಮ್ಮೆಯಾದರೂ ಹೊಸದು ತನ್ನಿ. ಪಾಯಖಾನೆ ತೊಳೆಯುವ ಆಸಿಡ್ ಜೊತೆ ಅದನ್ನು ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಊಟಕ್ಕೆ ನೀವು ದಿನಾ ತಿನ್ನುವುದನ್ನೇ ಸ್ವಲ್ಪ ಜಾಸ್ತಿ ಇಟ್ಟು, ಹಳೆಯದನ್ನು ಮೊದಲು ಬಳಸುತ್ತಾ ಬನ್ನಿ. ಬೇಯಿಸದೆ ತಿನ್ನುವಂಥದ್ದು ಮೂರು ದಿನಕ್ಕಾದರೂ ಇರಲಿ. ಉಪ್ಪು ಜಾಸ್ತಿ ಇರುವುದು ಬೇಡ, ಬಾಯಾರಿಕೆ ಹೆಚ್ಚುತ್ತದೆ. ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಮೇಣದಬತ್ತಿಗಿಂತ ಟಾರ್ಚ್ ವಾಸಿ, ಸೆಲ್ ಹೊರಗೆ ತೆಗೆದಿಡಿ. ಇದ್ದಿಲ ಒಲೆ, ಜನರೇಟರ್ ಮನೆಯೊಳಗೆ ಹಚ್ಚಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಔಷಧಿಯನ್ನು ಮಾತ್ರ ನಾನು ನೀರಿನಷ್ಟೇ ಜೋಪಾನ ಮಾಡುತ್ತೇನೆ. ಅತ್ತೆಯ ಬಿಪಿ ಮಾತ್ರೆ ಎರಡು ವಾರದ್ದು ಯಾವಾಗಲೂ ಹೆಚ್ಚಿಗೆ ಇರುತ್ತದೆ. ಹೊಸ ಪಟ್ಟಿ ತಂದ ದಿನ ಅದು ಹಿಂದಕ್ಕೆ, ಹಳೆಯದು ಮುಂದಕ್ಕೆ. ಮಾತ್ರೆಯ ಹೆಸರು, ಅಳತೆ, ಬೇಕಾದವರ ಫೋನ್ ನಂಬರು ಕಾಗದದ ಮೇಲೆ ಬರೆದು, ಗುರುತಿನ ಚೀಟಿಗಳ ನಕಲು, ಸ್ವಲ್ಪ ಚಿಲ್ಲರೆ ನೋಟಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಇರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಹೆಚ್ಚಾಗಬಾರದು, ಮಕ್ಕಳಿಗೆ ಅಪಾಯ.

ಎಲ್ಲ ಜೋಡಿಸಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿ. ನಾವು ವರ್ಷಕ್ಕೊಂದು ಸಲ ಶನಿವಾರ ಸಂಜೆ ಮನೆಯ ಮುಖ್ಯ ವಾಲ್ವ್ ಮುಚ್ಚಿ, ಭಾನುವಾರ ಸಂಜೆ ತೆರೆಯುತ್ತೇವೆ. ಮೊದಲ ಸಲವೇ ಬಹಳ ಗೊತ್ತಾಯಿತು. ಕೈ ತೊಳೆಯಲು ನಾನು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ನೀರು ಹೋಯಿತು. ಆಮೇಲೆ ಒಂದು ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ತೂಗುಹಾಕಿದೆವು. ನಲ್ಲಿ ಇರುವ ದೊಡ್ಡ ಕ್ಯಾನನ್ನು ನೆಲದ ಮೇಲಿಟ್ಟಿದ್ದರಿಂದ ಕೆಳಗೆ ಲೋಟ ಹಿಡಿಯಲು ಆಗಲಿಲ್ಲ, ಈಗ ಗಟ್ಟಿ ಸ್ಟೂಲಿನ ಮೇಲಿದೆ. ಹನಿ ಲೆಕ್ಕ ಹಾಕಬೇಕಾದ ಬ್ಲೀಚ್ ಇತ್ತು, ಆದರೆ ಡ್ರಾಪರ್ ಇರಲಿಲ್ಲ. ಮರುದಿನವೇ ತಂದು ರಬ್ಬರ್ ಬ್ಯಾಂಡ್ ಹಾಕಿ ಬಾಟಲಿಗೆ ಕಟ್ಟಿದೆ.