ಮೂರು ಬೇಡಿಕೆ, ಒಂದೇ ದುಡ್ಡು: ಬಡಾವಣೆ ಸಂಘದಲ್ಲಿ ಎಲ್ಲರ ಇಷ್ಟ ಕೇಳಿ ಲೆಕ್ಕ ಹಾಕುವ ಬಗೆ

ಮೈಸೂರಿನ ಕುವೆಂಪುನಗರವಾಗಲಿ, ಮಂಡ್ಯದ ಕಲ್ಲಹಳ್ಳಿಯಾಗಲಿ, ನಿವಾಸಿಗಳ ಸಂಘದ ಸಭೆ ನಡೆಯುವ ಧಾಟಿ ಹೆಚ್ಚುಕಮ್ಮಿ ಒಂದೇ. ಖಾತೆಯಲ್ಲಿ 3 ಲಕ್ಷ ಇದೆ ಅಂತಿಟ್ಟುಕೊಳ್ಳಿ. ಬೀದಿಗೆ ಸಿಸಿಟಿವಿ ಕ್ಯಾಮೆರಾ ಹಾಕಿಸಬೇಕೋ, ಪಾರ್ಕಿನಲ್ಲಿ ವಾಕಿಂಗ್ ಪಾತ್ ಮಾಡಿಸಬೇಕೋ, ಮಕ್ಕಳಿಗೊಂದು ಓದುವ ಕೊಠಡಿ ತೆರೆಯಬೇಕೋ? ಮುಂದಿನ ಸಾಲಿನ ಇಬ್ಬರು ಮಾತಾಡುತ್ತಾರೆ, ಹಿಂದಿನವರು 'ಆಗ್ಲಿ ಬಿಡಿ ಸಾರ್' ಅನ್ನುತ್ತಾರೆ, ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಅಂತ ಬರೆದು ಮುಗಿಸುತ್ತಾರೆ. ತಕರಾರು ಶುರುವಾಗುವುದು ಕೆಲಸ ಶುರುವಾದ ಮೇಲೆ.

ಚೀಟಿಯಲ್ಲಿ ಬರೆಸಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧ ಇರುವುದು ಎಣಿಕೆಯಲ್ಲಿ. ಚೀಟಿಗಳು ಅವೇ ಆದರೂ ಎಣಿಸುವ ವಿಧಾನ ಬದಲಾದರೆ ಗೆಲ್ಲುವ ಕೆಲಸವೂ ಬದಲಾಗಬಹುದು. ಆದ್ದರಿಂದ ವಿಧಾನ ಯಾವುದು ಅನ್ನುವುದನ್ನು ಚೀಟಿ ಹಂಚುವ ಮೊದಲೇ ಬರೆದು ಸಹಿ ಹಾಕಿಸಿ.

ಕೇಳುವ ಮುಂಚೆ

ಜನರ ಇಷ್ಟ ಮೊದಲೇ ಸಿದ್ಧವಾಗಿ ಮನಸ್ಸಿನಲ್ಲಿ ಕೂತಿರುವುದಿಲ್ಲ. ಬಹುಪಾಲು ಅದು ಹುಟ್ಟುವುದೇ ನೀವು ಕೇಳಿದಾಗ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ವಾರ ಕೇಳಿದರೆ ಕ್ಯಾಮೆರಾ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕೇಳಿದರೆ ಓದುವ ಕೊಠಡಿ. ಅಂಥ ವಾರಗಳನ್ನು ಬಿಟ್ಟು, ಎರಡು ವಾರ ತಡೆದು ಕೇಳಿ.

ಪ್ರತಿ ಕೆಲಸಕ್ಕೂ ಒಂದೊಂದು ಪ್ಯಾರಾ ಮಾಹಿತಿ ಬರೆದು ಕೊಡಿ. ಮಾಡಿಸುವ ಖರ್ಚು ಮಾತ್ರ ಸಾಲದು, ವರ್ಷಾವರ್ಷ ಬೀಳುವ ಖರ್ಚೂ ಇರಬೇಕು: ಕ್ಯಾಮೆರಾಕ್ಕೆ ಕರೆಂಟು, ಹಾರ್ಡ್ ಡಿಸ್ಕ್, ರಿಪೇರಿ, ಪಾತ್‌ಗೆ ಕಳೆ ಕೀಳಿಸುವ ಕೂಲಿ, ಕೊಠಡಿಗೆ ಬಾಡಿಗೆ, ಪೇಪರ್ ಬಿಲ್ಲು, ಬಾಗಿಲು ತೆಗೆಯುವವರ ಸಂಬಳ. ಕೊಟೇಶನ್ ಕೈಯಲ್ಲಿಲ್ಲದ ಕೆಲಸವನ್ನು ಪಟ್ಟಿಗೇ ಸೇರಿಸಬೇಡಿ.

ಚರ್ಚೆಗೆ ಮುಂಚೆ ಐದು ನಿಮಿಷ ಎಲ್ಲರೂ ತಮ್ಮ ಪಾಡಿಗೆ ತಾವು ಬರೆದುಕೊಳ್ಳಲಿ. ಮೊದಲು ಮಾತಾಡಿದವರು ಹಿರಿಯರೋ ಮಾಜಿ ಕಾರ್ಪೊರೇಟರೋ ಆದರೆ ಆಮೇಲಿನವರ ಮಾತೆಲ್ಲ ಅದೇ ದಿಕ್ಕಿಗೆ ವಾಲುತ್ತದೆ. ಬರೆದುಕೊಂಡಿದ್ದರೆ 'ನನ್ನದು ಬೇರೆ' ಅನ್ನುವ ಧೈರ್ಯ ಬರುತ್ತದೆ. ಚರ್ಚೆ ಆದ ಮೇಲೆ ಮನಸ್ಸು ಬದಲಾದರೆ ಬದಲಾಗಲಿ, ಲೆಕ್ಕಕ್ಕೆ ಬರುವುದು ಕೊನೆಯ ಚೀಟಿ.

ಯಾರಿಗೆ ಚೀಟಿ? ಮನೆಗೊಂದೇ ಕೊಟ್ಟರೆ ಬರೆಯುವವರು ಯಜಮಾನರು. ಆದರೆ ಪಾರ್ಕಿಗೆ ಹೋಗುವವರು ಅವರ ತಾಯಿ, ಓದುವವಳು ಅವರ ಮಗಳು. 18 ದಾಟಿದ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುವುದು ವಾಸಿ, ಬಾಡಿಗೆಯವರನ್ನೂ ಸೇರಿಸಿ. ಬೈಲಾದಲ್ಲಿ ಸದಸ್ಯರಿಗೆ ಮಾತ್ರ ಮತ ಅಂತಿದ್ದರೆ ಇದನ್ನು ಅಭಿಪ್ರಾಯ ಸಂಗ್ರಹ ಅಂತ ಕರೆದು, ಅದರ ಆಧಾರದ ಮೇಲೆ ಸಭೆಯಲ್ಲಿ ಠರಾವು ಪಾಸು ಮಾಡಿ.

ಚೀಟಿ

ಐದಕ್ಕಿಂತ ಹೆಚ್ಚು ಆಯ್ಕೆ ಬೇಡ. ಪಟ್ಟಿ ಉದ್ದವಾದಷ್ಟೂ ಜನ ಮೊದಲನೆಯದನ್ನೂ ಕೊನೆಯದನ್ನೂ ಯೋಚಿಸಿ ಬರೆಯುತ್ತಾರೆ, ನಡುವಿನದು ಕೈಗೆ ಬಂದ ಹಾಗೆ.

'ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ' ಅಂತ ಕೇಳುವುದು ಸುಲಭ, ಆದರೆ ನಮ್ಮ ಕಡೆ ಅದು ಕೈಕೊಡುತ್ತದೆ. ಬೇಜಾರಾಗಬಾರದು ಅಂತ ಎಲ್ಲಕ್ಕೂ ನಾಲ್ಕು ಕೊಡುವವರು ಒಂದಷ್ಟು ಜನ, ಒಂದಕ್ಕೆ ಐದು ಮಿಕ್ಕದ್ದಕ್ಕೆಲ್ಲ ಸೊನ್ನೆ ಕೊಡುವವರು ಇನ್ನೊಂದಷ್ಟು ಜನ. ಕೂಡಿದಾಗ ಎರಡನೆಯವರ ಕೈ ಮೇಲಾಗುತ್ತದೆ. ವಾಟ್ಸಾಪ್ ಪೋಲ್ ಬೇಡವೇ ಬೇಡ, ಯಾರು ಯಾವುದಕ್ಕೆ ಒತ್ತಿದರು ಅಂತ ಗ್ರೂಪಿಗೆಲ್ಲ ಕಂಡರೆ ಅದು ಮುಖ ನೋಡಿ ಮಣೆ ಹಾಕುವ ಲೆಕ್ಕವಾಗುತ್ತದೆ.

1, 2, 3 ಅಂತ ಪ್ರಾಶಸ್ತ್ಯ ಬರೆಸಿ. ಇದು ಇಲ್ಲಿಯವರಿಗೆ ಹೊಸದಲ್ಲ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಸೇರಿದ ದಕ್ಷಿಣ ಪದವೀಧರ ಕ್ಷೇತ್ರದ ಪರಿಷತ್ ಚುನಾವಣೆಯಲ್ಲಿ ಮತ ಹಾಕಿದವರಿಗೆ ನೇರಳೆ ಸ್ಕೆಚ್ ಪೆನ್ನಿನಲ್ಲಿ ಅಂಕಿ ಬರೆದದ್ದು ನೆನಪಿರುತ್ತದೆ. ಅಲ್ಲಿನ ನಿಯಮವನ್ನೇ ತೆಗೆದುಕೊಳ್ಳಿ: ಅಂಕಿಯಲ್ಲೇ ಬರೆಯಬೇಕು, ಅಕ್ಷರದಲ್ಲಲ್ಲ, ಟಿಕ್ ಮಾರ್ಕೂ ಅಲ್ಲ, 1 ಇಲ್ಲದ ಚೀಟಿ, ಎರಡು ಕಡೆ 1 ಇರುವ ಚೀಟಿ ಅಸಿಂಧು.

ಪಟ್ಟಿಯಲ್ಲಿ ಮೇಲಿರುವುದಕ್ಕೆ ಪುಕ್ಕಟೆಯಾಗಿ ಒಂದಷ್ಟು ಮತ ಬೀಳುತ್ತದೆ. ಮೂರು ಆಯ್ಕೆಗೆ ಆರು ಕ್ರಮ ಸಾಧ್ಯ. ಆರು ಮಾದರಿ ಜೆರಾಕ್ಸ್ ಮಾಡಿಸಿ, ಕಲೆಸಿ ಹಂಚಿ. ಕೆಳಗೆ ಬೇರೆಯಾಗಿ ಒಂದು ಸಾಲು: 'ಮೂರೂ ಬೇಡ, ದುಡ್ಡು ಬ್ಯಾಂಕಿನಲ್ಲಿರಲಿ: ಹೌದು / ಅಲ್ಲ'. ಅರ್ಧಕ್ಕಿಂತ ಹೆಚ್ಚು 'ಹೌದು' ಬಂದರೆ ಎಣಿಕೆ ಅಲ್ಲಿಗೇ ನಿಲ್ಲಲಿ.

ಒಂದೇ ತರಹದ ಎರಡು ಆಯ್ಕೆ ಸೇರದ ಹಾಗೆ ನೋಡಿಕೊಳ್ಳಿ. '4 ಕ್ಯಾಮೆರಾ', '8 ಕ್ಯಾಮೆರಾ' ಅಂತ ಬೇರೆ ಬೇರೆ ಬರೆದರೆ ಕ್ಯಾಮೆರಾದವರ ಮತ ಹರಿದು ಹಂಚಿಹೋಗುತ್ತದೆ. ಬೇಕಂತಲೇ ಹೀಗೆ ಮಾಡಿಸುವವರೂ ಇದ್ದಾರೆ.

ಎಣಿಕೆ

55 ಚೀಟಿ ಬಂದಿವೆ ಅಂತಿಟ್ಟುಕೊಂಡು ಲೆಕ್ಕ ಮಾಡೋಣ.

22 ಚೀಟಿ: 1 ಕ್ಯಾಮೆರಾ, 2 ಪಾತ್, 3 ಕೊಠಡಿ
18 ಚೀಟಿ: 1 ಕೊಠಡಿ, 2 ಪಾತ್, 3 ಕ್ಯಾಮೆರಾ
15 ಚೀಟಿ: 1 ಪಾತ್, 2 ಕೊಠಡಿ, 3 ಕ್ಯಾಮೆರಾ

ಮೊದಲ ಪ್ರಾಶಸ್ತ್ಯ ಮಾತ್ರ ಎಣಿಸಿದರೆ 22 ಮತದಿಂದ ಕ್ಯಾಮೆರಾ ಗೆದ್ದಿತು. ಅದನ್ನು ಕೊನೆಗೆ ಹಾಕಿದವರು 33 ಜನ!

ಪರಿಷತ್ ಚುನಾವಣೆಯ ಹಾಗೆ ಎಲಿಮಿನೇಷನ್ ಮಾಡಿದರೆ, ಕಡಿಮೆ ಮತದ ಪಾತ್ ಹೊರಬಿದ್ದು ಅದರ 15 ಮತ ಕೊಠಡಿಗೆ ಸೇರುತ್ತದೆ. ಕೊಠಡಿ 33, ಕ್ಯಾಮೆರಾ 22. ಗೆದ್ದದ್ದು ಕೊಠಡಿ. ರಾಷ್ಟ್ರಪತಿ ಚುನಾವಣೆಯದೂ ಇದೇ ಬಗೆ, 1969ರಲ್ಲಿ ವಿ.ವಿ. ಗಿರಿ ಗೆದ್ದದ್ದು ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ.

ಅಂಕ ಕೂಡುವ ಬಗೆ ಇನ್ನೊಂದು. ಫ್ರಾನ್ಸಿನ ಗಣಿತಜ್ಞ ಬೋರ್ಡಾ 1770ರಲ್ಲಿ ಮುಂದಿಟ್ಟದ್ದು. 1ಕ್ಕೆ 2 ಅಂಕ, 2ಕ್ಕೆ 1, 3ಕ್ಕೆ ಸೊನ್ನೆ. ಪಾತ್ 70, ಕೊಠಡಿ 51, ಕ್ಯಾಮೆರಾ 44. ಗೆದ್ದದ್ದು ಪಾತ್.

ಮತ್ತೊಂದು, ಜೋಡಿ ಜೋಡಿಯಾಗಿ ಹೋಲಿಸುವುದು. ಇದರ ಪರವಾಗಿ 1785ರಲ್ಲಿ ಬರೆದವನು ಫ್ರಾನ್ಸಿನವನೇ ಆದ ಗಣಿತಜ್ಞ ಕೊಂಡೊರ್ಸೆ. ಪಾತ್ ಎದುರು ಕ್ಯಾಮೆರಾ: 33ಕ್ಕೆ 22. ಪಾತ್ ಎದುರು ಕೊಠಡಿ: 37ಕ್ಕೆ 18. ಎದುರಿಗೆ ಯಾವುದು ಬಂದರೂ ಪಾತ್ ಗೆಲ್ಲುತ್ತದೆ. ಬಡಾವಣೆ ಕೆಲಸಕ್ಕೆ ನಮ್ಮ ಸಲಹೆ ಇದೇ. 'ನಮ್ಮದಕ್ಕೇ ಹೆಚ್ಚು ಜನ ಇದ್ದರು' ಅಂತ ಆಮೇಲೆ ಯಾರೂ ತಕರಾರು ತೆಗೆಯಲಾಗದು.

ಎಣಿಕೆಗೆ ಮೂವರು ಸಾಕು. ಒಬ್ಬರು ಗಟ್ಟಿಯಾಗಿ ಓದಲಿ, ಇಬ್ಬರು ಬೇರೆ ಬೇರೆ ಹಾಳೆಯಲ್ಲಿ ಗೀಟು ಹಾಕಲಿ. ಮೂರು ಜೋಡಿಗೆ ಮೂರು ಅಂಕಣ. ಪ್ರತಿ ಅಂಕಣದ ಎರಡೂ ಕಡೆ ಕೂಡಿದರೆ 55 ಬರಬೇಕು. ಬೋರ್ಡಾ ಅಂಕವನ್ನೂ ಕೂಡಿದ್ದರೆ, ಚೀಟಿಗೆ 2 + 1 + 0 = 3ರಂತೆ ಅದರ ಒಟ್ಟು ಮೊತ್ತ 55 × 3 = 165 ಆಗಬೇಕು. ಬಾರದಿದ್ದರೆ ಗೀಟು ತಪ್ಪಿದೆ, ಮೊದಲಿಂದ ಓದಿಸಿ. 1 ಮಾತ್ರ ಬರೆದು ಉಳಿದದ್ದು ಖಾಲಿ ಬಿಟ್ಟಿದ್ದರೆ, ಉಳಿದೆರಡಕ್ಕೆ ಅರ್ಧರ್ಧ ಅಂಕ ಕೊಡಿ, ಆ ಎರಡರ ಜೋಡಿಯಲ್ಲೂ ಅರ್ಧರ್ಧ ಮತ.

ಸುತ್ತು ಬಿದ್ದರೆ

ಕೊಠಡಿಯ 18 ಜನ ಒಳಗೊಳಗೇ ಮಾತಾಡಿಕೊಂಡು, ಪೈಪೋಟಿ ಪಾತ್‌ನದು ಅಂತ ಅದನ್ನು ಬೇಕಂತಲೇ ಮೂರನೆಯದಕ್ಕೆ ತಳ್ಳಿ ಕ್ಯಾಮೆರಾವನ್ನು ಎರಡಕ್ಕೆ ಏರಿಸಿದರು ಅಂತಿಟ್ಟುಕೊಳ್ಳಿ. ಅಂಕ ಹೀಗಾಗುತ್ತದೆ: ಕ್ಯಾಮೆರಾ 62, ಪಾತ್ 52, ಕೊಠಡಿ 51. ತಮಗೆ ಬೇಡವೇ ಬೇಡ ಅಂದದ್ದನ್ನೇ ಗೆಲ್ಲಿಸಿದ ಹಾಗಾಯಿತು. ಸಭೆಯಲ್ಲಿ ಈ ಲೆಕ್ಕವನ್ನು ಮೊದಲೇ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಜಾಣತನ ತೋರಿಸುವವರು ಕಡಿಮೆಯಾಗುತ್ತಾರೆ.

ಜೋಡಿ ಲೆಕ್ಕದಲ್ಲಿ ಇದೇ ಚೀಟಿಗಳು ಸುತ್ತು ಬೀಳುತ್ತವೆ. ಕ್ಯಾಮೆರಾ ಪಾತನ್ನು 40–15ರಿಂದ, ಪಾತ್ ಕೊಠಡಿಯನ್ನು 37–18ರಿಂದ, ಕೊಠಡಿ ಕ್ಯಾಮೆರಾವನ್ನು 33–22ರಿಂದ ಸೋಲಿಸುತ್ತವೆ. ಯಾರೂ ಕುತಂತ್ರ ಮಾಡದೆಯೂ ಹೀಗಾಗಬಹುದು. ಮೂರು ಅಥವಾ ಹೆಚ್ಚು ಆಯ್ಕೆ ಇದ್ದಾಗ, ನ್ಯಾಯವೆಂದು ತೋರುವ ಕೆಲವೇ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸಿ ಪ್ರಾಶಸ್ತ್ಯಗಳನ್ನು ಕೂಡಿಸುವ ವಿಧಾನವೇ ಇಲ್ಲ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಗಣಿತದಿಂದ ತೋರಿಸಿದರು. ನಮ್ಮ ಅಮರ್ತ್ಯ ಸೇನ್ ವರ್ಷಗಟ್ಟಲೆ ದುಡಿದದ್ದೂ ಈ ಪ್ರಶ್ನೆಯ ಸುತ್ತಲೇ.

ಸಂಘಕ್ಕೆ ಬೇಕಾದದ್ದು ಇಷ್ಟು: ಸುತ್ತು ಬಿದ್ದರೆ ಅತಿ ಕಡಿಮೆ ಅಂತರದ ಗೆಲುವನ್ನು ಲೆಕ್ಕದಿಂದ ಬಿಡುವುದು. ಇಲ್ಲಿ ಅಂತರಗಳು 25, 19, 11. ಹನ್ನೊಂದರದನ್ನು ಬಿಟ್ಟರೆ ಕ್ಯಾಮೆರಾವನ್ನು ಸೋಲಿಸುವವರು ಉಳಿಯುವುದಿಲ್ಲ, ಅದೇ ಗೆದ್ದಿತು. ಅಂತರವೂ ಸಮವಾದರೆ ಅಂಕದ ಮೊತ್ತ, ಅದೂ ಸಮವಾದರೆ ಚೀಟಿ ಎತ್ತಿಸುವುದು. ಈ ಮೂರು ಸಾಲೂ ಸಹಿ ಹಾಕಿಸಿದ ಹಾಳೆಯಲ್ಲೇ ಇರಬೇಕು.

ಫಲಿತಾಂಶದ ಜೊತೆ ಜೋಡಿಗಳ ಪೂರ್ತಿ ಪಟ್ಟಿಯನ್ನೂ ನೋಟಿಸ್ ಬೋರ್ಡಿಗೆ ಹಚ್ಚಿ. ಚೀಟಿಗಳನ್ನು ಕವರಿಗೆ ಹಾಕಿ, ಅಂಟಿಸಿ, ಎಣಿಸಿದ ಮೂವರ ಸಹಿ ಮಾಡಿಸಿ, ಒಂದು ತಿಂಗಳು ಖಜಾಂಚಿ ಹತ್ತಿರ ಇಡಿ. ಮರು ಎಣಿಕೆ ಕೇಳಿದವರ ಮುಂದೆಯೇ ಕವರ್ ಒಡೆಯಿರಿ.