ಬಿಸಿಯಲ್ಲಿ ಹುಟ್ಟುವ ನೀಲಿ: ಹಳೆಯ ಮಿಲಿಟರಿ ವಾಚಿಗೆ ನಾನೇ ಮುಳ್ಳು ಮಾಡಿಕೊಂಡ ಅನುಭವ

ಮೇಜಿನ ದೀಪದ ಕೆಳಗೆ ವಾಚನ್ನು ಸ್ವಲ್ಪ ಓರೆ ಮಾಡಿದೆ. ಅಲ್ಲಿಯವರೆಗೆ ಕಪ್ಪಾಗಿ ಕಾಣುತ್ತಿದ್ದ ಗಂಟೆಯ ಮುಳ್ಳು ಒಮ್ಮೆಲೇ ನೀಲಿಯಾಗಿ ಮಿಂಚಿತು. ಇನ್ನೊಂದು ಚೂರು ಓರೆ ಮಾಡಿದರೆ ಮತ್ತೆ ಕಪ್ಪು. ಪಕ್ಕದ ನಿಮಿಷದ ಮುಳ್ಳು ಮಾತ್ರ ಹೇಗೆ ತಿರುಗಿಸಿದರೂ ಅದೇ ನೀಲಿ. ಕಣ್ಣಿಗೆ ಲೂಪ್, ಅಂದರೆ ಗಡಿಯಾರದವರ ಪುಟ್ಟ ಭೂತಗನ್ನಡಿ, ಹಾಕಿಕೊಂಡು ನೋಡಿದೆ. ಅಂಚಿನಲ್ಲಿ ಬಣ್ಣ ದಪ್ಪಗೆ ಕೂತಿತ್ತು. ನಡುವಿನ ತೂತಿನ ಹತ್ತಿರ ಒಂದು ಚಕ್ಕೆ ಎದ್ದು ಕೆಳಗಿನ ಲೋಹ ಕಾಣುತ್ತಿತ್ತು. ಅದು ಪೇಂಟ್. ಯಾವುದೋ ಕಾಲದಲ್ಲಿ ಮೂಲ ಮುಳ್ಳು ಮುರಿದಿರಬೇಕು, ಬೇರೆ ಮುಳ್ಳು ಹಾಕಿ ನೀಲಿ ಬಳಿದಿದ್ದರು.

ಅವತ್ತಿನಿಂದ ಆ ವಾಚು ಕಟ್ಟಿಕೊಂಡಾಗಲೆಲ್ಲ ನನ್ನ ಕಣ್ಣು ಆ ಒಂದು ಮುಳ್ಳಿಗೇ ಹೋಗುತ್ತಿತ್ತು.

ವಾಚು ಮೊದಲನೇ ಮಹಾಯುದ್ಧದ ಕಾಲದ್ದು. ಇಂಥವನ್ನು ಟ್ರೆಂಚ್ ವಾಚ್, ಅಂದರೆ ಕಂದಕದ ವಾಚ್ ಅನ್ನುತ್ತಾರೆ. ಬೆಳ್ಳಿಯ ಕೇಸು, ಪಟ್ಟಿ ಹಾಕಲು ತಂತಿ ಬಾಗಿಸಿ ಬೆಸೆದ ಕಿವಿಗಳು, ಬಿಳಿ ಎನಾಮೆಲ್ ಡಯಲ್, ಆರರ ಜಾಗದಲ್ಲಿ ಸೆಕೆಂಡಿಗೆ ಒಂದು ಪುಟ್ಟ ವೃತ್ತ. ಒಳಗಿರುವುದು 15 ಕಲ್ಲಿನ (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು) ಸ್ವಿಸ್ ಯಂತ್ರ. ಕಾಲ ಹೇಗೆ ಗೊತ್ತಾಯಿತು ಅಂದರೆ, 1907ರ ಜೂನ್ 1ರಿಂದ ಬ್ರಿಟನ್ನಿಗೆ ಹೊರಗಿನಿಂದ ಬರುವ ಬೆಳ್ಳಿ, ಬಂಗಾರದ ವಾಚ್ ಕೇಸುಗಳಿಗೆಲ್ಲ ಅಲ್ಲಿನ ಹಾಲ್‌ಮಾರ್ಕ್ ಕಡ್ಡಾಯವಾಗಿತ್ತು. ಆ ಮುದ್ರೆಯಲ್ಲಿ ವರ್ಷಕ್ಕೊಂದು ಅಕ್ಷರ ಇರುತ್ತದೆ. ನನ್ನದರ ಅಕ್ಷರ 1916–17ರದ್ದು.

ಆಗ ಬ್ರಿಟಿಷ್ ಅಧಿಕಾರಿಗಳು ಸಾಮಾನ್ಯವಾಗಿ ವಾಚನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳುತ್ತಿದ್ದರು. ಯುದ್ಧಕ್ಕೆ ಮುಂಚೆ ಕೈಗೆ ಕಟ್ಟುವ ವಾಚು ಅಂದರೆ ಹೆಂಗಸರ ಆಭರಣ ಎಂಬ ಭಾವನೆ ಇತ್ತು. ಆದರೆ ಫಿರಂಗಿ ದಾಳಿ ಇಂಥ ನಿಮಿಷಕ್ಕೆ ನಿಲ್ಲುತ್ತದೆ, ಕಾಲಾಳುಗಳು ಇಂಥ ನಿಮಿಷಕ್ಕೆ ಕಂದಕದಿಂದ ಮೇಲೇಳಬೇಕು ಅಂತ ಲೆಕ್ಕ ಹಾಕಿ ಹೋರಾಡುವಾಗ, ಜೇಬಿನಿಂದ ಗಡಿಯಾರ ತೆಗೆದು ಮುಚ್ಚಳ ಬಿಚ್ಚಿ ನೋಡುವುದಕ್ಕೆ ಎಲ್ಲಿ ಪುರುಸೊತ್ತು? ಮಣಿಕಟ್ಟು ತಿರುಗಿಸಿದರೆ ಸಮಯ ಕಾಣಬೇಕು. ಬಿಳಿ ಡಯಲ್ ಮೇಲೆ ಕಡು ಬಣ್ಣದ ಮುಳ್ಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಗಂಟೆಯ ಮುಳ್ಳಿನ ಆ ಅಸಲಿ ನೀಲಿ ಹೇಗೆ ಬರುತ್ತದೆ ಅನ್ನುವುದೇ ನನ್ನನ್ನು ಹಿಡಿದು ಕೂರಿಸಿದ ವಿಷಯ. ಇದರಲ್ಲಿ ಬಣ್ಣದ ಪದಾರ್ಥವೇ ಇಲ್ಲ. ಹೊಳಪು ಕೊಟ್ಟ ಉಕ್ಕನ್ನು ಗಾಳಿಯಲ್ಲಿ ನಿಧಾನಕ್ಕೆ ಕಾಯಿಸಿದರೆ ಮೈಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ. ಅದರ ದಪ್ಪ ಕೆಲವು ಹತ್ತು ನ್ಯಾನೊಮೀಟರ್, ಅಷ್ಟೇ. ಪದರದ ಮೇಲ್ಮೈಯಿಂದ ಒಂದಿಷ್ಟು ಬೆಳಕು ಹಿಂದಕ್ಕೆ ಬರುತ್ತದೆ, ಪದರ ದಾಟಿ ಉಕ್ಕಿಗೆ ತಾಗಿ ಇನ್ನೊಂದಿಷ್ಟು ಬರುತ್ತದೆ. ಇವೆರಡೂ ಸೇರುವಾಗ ಕೆಲವು ಬಣ್ಣಗಳು ಅಳಿದು ಕೆಲವು ಉಳಿಯುತ್ತವೆ. ಸೋಪಿನ ಗುಳ್ಳೆಯಲ್ಲಿ, ಒದ್ದೆ ರಸ್ತೆಗೆ ಬಿದ್ದ ಪೆಟ್ರೋಲಿನಲ್ಲಿ ಬಣ್ಣ ಕಾಣುವುದೂ ಹೀಗೆಯೇ. ಬಿಸಿ ಹೆಚ್ಚಿದಂತೆ ಪದರ ದಪ್ಪವಾಗುತ್ತದೆ, ಬಣ್ಣ ಮುಂದಕ್ಕೆ ಹೋಗುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲಿನ ಹಳದಿ. 255ರ ಆಸುಪಾಸಿಗೆ ಕಂದು. 280ಕ್ಕೆ ನೇರಳೆ. 290–300ಕ್ಕೆ ನಮಗೆ ಬೇಕಾದ ಕಡುನೀಲಿ. ಅದನ್ನೂ ದಾಟಿದರೆ ತಿಳಿನೀಲಿಯಾಗಿ, ಆಮೇಲೆ ಬೂದಿ ಬಣ್ಣವಾಗಿ ಹೋಗುತ್ತದೆ.

ಈ ಪದರ ಉಕ್ಕನ್ನು ತುಕ್ಕಿನಿಂದ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ ಕೂಡ. ಬೆವರು, ಮಳೆ, ಕೆಸರಿನ ನಡುವೆ ಕಟ್ಟಿಕೊಳ್ಳುವ ವಾಚಿಗೆ ಅದೇನು ಸಣ್ಣ ವಿಷಯವಲ್ಲ. ಎರಡನೇ ಮಹಾಯುದ್ಧದಲ್ಲೂ ನೀಲಿ ಮುಳ್ಳು ಉಳಿದುಕೊಂಡಿತು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ಗಾಗಿ ಒಮೆಗಾ ಮಾಡಿದ 6ಬಿ/159 ವಾಚಿನಲ್ಲಿ ಬಿಳಿ ಡಯಲ್ ಮೇಲೆ ನೀಲಿ ಮುಳ್ಳುಗಳಿವೆ. ನನ್ನ ಕಣ್ಣಿಗೆ ಮಿಲಿಟರಿ ವಾಚುಗಳಲ್ಲೇ ಅತಿ ಚೆಂದದ ಮುಖ ಅದು. ಜರ್ಮನ್ ವಾಯುಪಡೆಯ ನ್ಯಾವಿಗೇಟರುಗಳ ಬಿ-ಊರ್ ವಾಚುಗಳಲ್ಲೂ ನೀಲಿ ಮುಳ್ಳು ಇತ್ತು. ಇದನ್ನು ಎ. ಲಾಂಗೆ ಉಂಡ್ ಸೋನೆ, ಲಾಕೊ, ಸ್ಟೋವಾ, ವೆಂಪೆ ಮತ್ತು ಐಡಬ್ಲ್ಯೂಸಿ ಎಂಬ ಐದು ಕಂಪನಿಗಳು ಮಾಡುತ್ತಿದ್ದವು. 55 ಮಿಲಿಮೀಟರ್ ಅಗಲ, ಜಾಕೆಟ್ಟಿನ ಮೇಲೆ ಕಟ್ಟುವಷ್ಟು ಉದ್ದದ ಪಟ್ಟಿ. ಆದರೆ ಅದರ ಡಯಲ್ ಕಪ್ಪು. ಕಪ್ಪಿನ ಮೇಲೆ ನೀಲಿ ಕಾಣುವುದೇ ಕಷ್ಟ, ಅಲ್ವಾ? ಅಲ್ಲಿ ಸಮಯ ತೋರಿಸುವುದು ಮುಳ್ಳಿನ ಹೊಟ್ಟೆಗೆ ತುಂಬಿದ, ಕತ್ತಲಲ್ಲಿ ಹೊಳೆಯುವ ಬಣ್ಣ. ನೀಲಿ ಉಕ್ಕು ಅದರ ಸುತ್ತಲಿನ ಚೌಕಟ್ಟು ಮಾತ್ರ. ಹಾಗಾಗಿ ನೀಲಿಯ ಪೂರ್ತಿ ಸೊಗಸು ಕಾಣಬೇಕಾದರೆ ಬಿಳಿ ಡಯಲ್ಲೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಎಚ್ಚರಿಕೆ. ಆ ಕಾಲದ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುತ್ತದೆ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಸತ್ತಿರಬಹುದು, ವಿಕಿರಣ ಸತ್ತಿಲ್ಲ. ಅಂಥ ಮುಳ್ಳನ್ನು ಕಾಯಿಸಬೇಡಿ, ಕೆರೆಯಬೇಡಿ, ಉಜ್ಜಬೇಡಿ. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋಗುವುದೇ ದೊಡ್ಡ ಅಪಾಯ. ನನ್ನ ವಾಚಿನ ಡಯಲ್‌ನಲ್ಲಾಗಲಿ ಮುಳ್ಳಿನಲ್ಲಾಗಲಿ ಆ ಬಣ್ಣ ಇರಲಿಲ್ಲ, ಗಟ್ಟಿ ಉಕ್ಕಿನ ಸಾದಾ ಮುಳ್ಳುಗಳು. ಇದ್ದಿದ್ದರೆ ಕೈ ಹಾಕುತ್ತಿರಲಿಲ್ಲ.

ಹಳೆಯ ಬಿಡಿಭಾಗಗಳ ಒಂದು ಪೊಟ್ಟಣದಲ್ಲಿ ಅದೇ ಆಕಾರದ ಹತ್ತಾರು ಮುಳ್ಳುಗಳು ಸಿಕ್ಕವು. ಕೆಲವಕ್ಕೆ ತುಕ್ಕು, ಕೆಲವು ಬಾಗಿದ್ದವು. ಮೊದಲು ಆಯಸ್ಕಾಂತ ಹಿಡಿದು ನೋಡಿದೆ. ಅಂಟದವು ಹಿತ್ತಾಳೆಯವು, ಅವುಗಳಿಂದ ಉಪಯೋಗವಿಲ್ಲ. ಉಳಿದವುಗಳಲ್ಲಿ ಚೆನ್ನಾಗಿದ್ದ ಎರಡನ್ನು ಎತ್ತಿಟ್ಟು, ಮಿಕ್ಕವನ್ನು ಅಭ್ಯಾಸಕ್ಕೆ ಇಟ್ಟುಕೊಂಡೆ.

ಜಾಸ್ತಿ ಹೊತ್ತು ತಿನ್ನುವುದು ಹೊಳಪು ಕೊಡುವ ಕೆಲಸ. ಬಿಸಿ ಮಾಡುವುದು ಒಂದೆರಡು ನಿಮಿಷದ ಮಾತು. ಮುಳ್ಳನ್ನು ಹಿತ್ತಾಳೆಯ ಚಪ್ಪಟೆ ತುಂಡಿಗೆ ಅರಗಿನಿಂದ ಅಂಟಿಸಿದೆ. ಮೊದಲು 1000, ಆಮೇಲೆ 2000 ನಂಬರಿನ ನೀರುಕಾಗದ (ನೀರು ಹಚ್ಚಿ ಉಜ್ಜುವ ಮರಳುಕಾಗದ). ಕೊನೆಗೆ 3 ಮೈಕ್ರಾನ್, 1 ಮೈಕ್ರಾನ್ ಪಾಲಿಶ್ ಫಿಲ್ಮ್. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರು ಪೂರ್ತಿ ಹೋಗುವ ತನಕ ಮುಂದಕ್ಕೆ ಹೋಗಬಾರದು. ನಾನು ಮೊದಲ ಮುಳ್ಳಿನಲ್ಲಿ ಅವಸರ ಮಾಡಿದೆ. ಬೆಳ್ಳಗಿದ್ದಾಗ ಕಾಣದ ಗೀರುಗಳು ನೀಲಿಯಾದ ಮೇಲೆ ಒಂದೊಂದಾಗಿ ಎದ್ದು ಬಂದವು. ನೀಲಿ ಯಾವ ತಪ್ಪನ್ನೂ ಮುಚ್ಚುವುದಿಲ್ಲ.

ಎರಡನೆಯದರಲ್ಲಿ ಬೇರೆ ಪಾಠ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಗೆದಿದ್ದೆ, ಆದರೆ ತೂತಿನ ಅಂಚಿನಲ್ಲಿ ಒಂದು ಕಣ ಉಳಿದಿತ್ತು. ಕಾಯಿಸಿದಾಗ ಅಲ್ಲೇ ಒಂದು ಕಂದು ಕಲೆ ಬಂತು. ಬೆರಳಿನ ಜಿಡ್ಡೂ ಹಾಗೆಯೇ, ಗುರುತು ಸಮೇತ ಮೂಡುತ್ತದೆ. ಆಮೇಲಿಂದ ಸ್ಪಿರಿಟ್‌ನಲ್ಲಿ ಎರಡು ಸಲ, ಅಸಿಟೋನ್‌ನಲ್ಲಿ ಒಂದು ಸಲ ತೊಳೆದು, ಬರಿಗೈಯಲ್ಲಿ ಮುಟ್ಟದೆ ಚಿಮಟದಲ್ಲೇ ಎತ್ತುವ ರೂಢಿ ಮಾಡಿಕೊಂಡೆ.

ಬಿಸಿ ಮಾಡಲು ಸ್ಪಿರಿಟ್ ದೀಪ, ಅದರ ಮೇಲೆ ಒಂದು ಚಿಕ್ಕ ತಗಡಿನ ತಟ್ಟೆ, ತಟ್ಟೆಯೊಳಗೆ ಹಿತ್ತಾಳೆಯ ಅರಪುಡಿ. ಗಡಿಯಾರದವರು ಬಹುಕಾಲದಿಂದ ಮಾಡಿಕೊಂಡು ಬಂದ ವಿಧಾನ ಇದು. ಪುಡಿ ಯಾಕೆ ಅಂತ ನಾನು ಮೊದಲು ಯೋಚಿಸಿರಲಿಲ್ಲ. ಬರೀ ತಟ್ಟೆಯ ಮೇಲೆ ಇಟ್ಟು ನೋಡಿದಾಗ ಗೊತ್ತಾಯಿತು. ಮುಳ್ಳಿನ ತುದಿ ಕೂದಲೆಳೆಯಷ್ಟು ತೆಳು, ಬುಡ ದಪ್ಪ. ತುದಿ ಬೇಗ ಕಾದು ನೀಲಿ ದಾಟಿ ಬೂದಿ ಬಣ್ಣವಾದರೂ ಬುಡ ಇನ್ನೂ ಹಳದಿಯಲ್ಲೇ ನಿಂತಿತ್ತು. ಪುಡಿಯ ಹಾಸಿನಲ್ಲಿ ಒತ್ತಿ ಮಲಗಿಸಿದರೆ ಬಿಸಿ ಕೆಳಗಿನಿಂದಲೂ ಬದಿಯಿಂದಲೂ ಹರಡಿ ಬರುತ್ತದೆ. ಬುಡದ ಕಡೆ ಉರಿ ಸ್ವಲ್ಪ ಹೆಚ್ಚು ತಾಗುವಂತೆ ತಟ್ಟೆಯನ್ನು ಸರಿಸಿಕೊಂಡರೆ ಇನ್ನೂ ಒಳ್ಳೆಯದು.

ಬಣ್ಣ ಬರುವುದನ್ನು ನೋಡುವುದು ಒಂದು ಹಬ್ಬವೇ ಸರಿ. ಮೊದಲು ಏನೂ ಆಗುವುದಿಲ್ಲ. ಸುಮ್ನೆ ಬೆಳ್ಳಗೆ ಮಲಗಿರುತ್ತದೆ. ಆಮೇಲೆ ಹಳದಿಯ ಒಂದು ನೆರಳು. ಅದು ಗಾಢವಾಗಿ ಕಂದಾಗುತ್ತದೆ. ಕಂದಿನೊಳಗೆ ಕೆಂಪು ಸೇರಿ ನೇರಳೆ. ಇಲ್ಲಿಂದ ಕಣ್ಣು ಮಿಟುಕಿಸಬಾರದು, ಯಾಕೆಂದರೆ ನೇರಳೆಯಿಂದ ನೀಲಿಗೆ ಕೆಲವೇ ಸೆಕೆಂಡು. ಮುಳ್ಳಿನ ಉದ್ದಕ್ಕೂ ನವಿಲಿನ ಕತ್ತಿನಂಥ ಬಣ್ಣ ಓಡಿ ಬರುತ್ತದೆ. ಬೇಕಾದ ನೀಲಿ ಬಂದ ಮೇಲೆ ಎತ್ತಿದರೆ ತಡವಾಯಿತು ಎಂದೇ ಲೆಕ್ಕ. ಎತ್ತುವಷ್ಟರಲ್ಲಿ ಒಳಗಿನ ಬಿಸಿ ಬಣ್ಣವನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳುತ್ತದೆ. ನೀಲಿಯಲ್ಲಿ ನೇರಳೆ ಚೂರು ಉಳಿದಿರುವಾಗಲೇ ಎತ್ತಿ ತಣ್ಣನೆಯ ಹಿತ್ತಾಳೆ ಗಟ್ಟಿಯ ಮೇಲೆ ಜಾರಿಸಬೇಕು. ಈ ಅಂದಾಜು ಕೈಗೆ ಹತ್ತಲು ನನಗೆ ಆರು ಮುಳ್ಳು ಬೇಕಾದವು. ಬಣ್ಣ ಕೆಟ್ಟರೆ ಮುಳ್ಳೇನೂ ಹಾಳಾಗುವುದಿಲ್ಲ. ಮತ್ತೆ ಉಜ್ಜಿ ಬೆಳ್ಳಗೆ ಮಾಡಿ ಮೊದಲಿನಿಂದ ಶುರು ಮಾಡಬಹುದು. ಪ್ರತಿ ಸಲ ಒಂದಿಷ್ಟು ಲೋಹ ಸವೆಯುತ್ತದೆ ಅನ್ನುವುದಷ್ಟೇ ಚಿಂತೆ.

ಏಳನೆಯದು ತುದಿಯಿಂದ ಬುಡದ ತನಕ ಒಂದೇ ನೀಲಿಯಾಗಿ ಬಂತು. ಆ ಖುಷಿಯಲ್ಲಿ ವಾಚಿಗೆ ಹಾಕಲು ಹೋದೆ. ತೂತು ಬಿಗಿ. ನಿಮಿಷದ ಮುಳ್ಳು ಕೂರುವ ಕೊಳವೆಗಿಂತ ಒಂದು ಎಳೆ ಚಿಕ್ಕದು. ಬ್ರೋಚ್ ಹಾಕಿ ತೂತು ಹಿಗ್ಗಿಸುವಾಗ ಹಿಡಿದ ಚಿಮಟ ಜಾರಿ ನಡುಮೈಯಲ್ಲಿ ಬೆಳ್ಳನೆಯ ಗೆರೆ ಬಿತ್ತು. ಪೇಂಟಾದರೆ ತೇಪೆ ಹಾಕಬಹುದಿತ್ತು. ಈ ನೀಲಿಗೆ ತೇಪೆ ಎಂಬುದೇ ಇಲ್ಲ. ಅಳತೆ ನೋಡುವುದು, ತೂತು ಸರಿ ಮಾಡುವುದು, ಬಾಗಿದ್ದರೆ ನೆಟ್ಟಗೆ ಮಾಡುವುದು, ಎಲ್ಲವೂ ಕಾಯಿಸುವ ಮುಂಚೆಯೇ ಮುಗಿದಿರಬೇಕು. ಇದನ್ನು ಓದಿ ತಿಳಿದಿದ್ದೆ. ಆದರೂ ಆ ಗೆರೆ ನೋಡಿದ ಮೇಲೇ ಮನಸ್ಸಿಗೆ ನಾಟಿದ್ದು.

ಎಂಟನೆಯದನ್ನು ಮೊದಲು ವಾಚಿಗೆ ಹಾಕಿ ತೆಗೆದು, ಉದ್ದ ನೋಡಿ, ತುದಿ ನಿಮಿಷದ ಗೆರೆಗಳನ್ನು ಸರಿಯಾಗಿ ಮುಟ್ಟುತ್ತದೆ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಹೊಳಪು, ತೊಳೆತ, ಬಿಸಿ. ಈ ಸಲ ಹಳೆಯ ಗಂಟೆಯ ಮುಳ್ಳನ್ನು ಪಕ್ಕದಲ್ಲೇ ಬಿಳಿ ಕಾಗದದ ಮೇಲೆ ಇಟ್ಟುಕೊಂಡಿದ್ದೆ. ಏಳನೆಯದರ ನೀಲಿ ಅದರ ಪಕ್ಕದಲ್ಲಿ ತೀರಾ ಉಜ್ವಲವಾಗಿ ಕಂಡಿತ್ತು. ಹಳೆಯದರ ನೀಲಿ ಇನ್ನೂ ಕಡು, ಒಳಗೆ ಎಲ್ಲೋ ನೇರಳೆಯ ಛಾಯೆ. ಅದಕ್ಕೆ ಹೊಂದಬೇಕಾದರೆ ಒಂದು ಉಸಿರು ಮುಂಚೆ ಎತ್ತಬೇಕು. ಎತ್ತಿದೆ. ಗಟ್ಟಿಯ ಮೇಲೆ ತಣ್ಣಗಾದ ಮೇಲೆ ಎರಡನ್ನೂ ಜೊತೆಗಿಟ್ಟು ದೀಪದ ಕೆಳಗೆ ಕಾಗದವನ್ನು ಓರೆ ಮಾಡಿದೆ. ಎರಡೂ ಒಟ್ಟಿಗೆ ಕಪ್ಪಾದವು, ಒಟ್ಟಿಗೆ ನೀಲಿಯಾದವು.

ಗಂಟೆಯ ಮುಳ್ಳಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಮೈಮೇಲೆ ಮೂರು ತುಕ್ಕಿನ ಚುಕ್ಕಿಗಳಿವೆ, ಲೂಪ್ ಇಲ್ಲದೆಯೂ ಒಂದು ಕಾಣುತ್ತದೆ. ಕೈ ಕುದುರಿತ್ತಲ್ಲ, ಅದನ್ನೂ ಉಜ್ಜಿ ಹೊಸದಾಗಿ ಕಾಯಿಸಿಬಿಡೋಣ ಅಂತ ಅನಿಸಿದ್ದು ನಿಜ. ಎರಡು ದಿನ ಅದೇ ಯೋಚನೆ. ಕೊನೆಗೆ ಬಿಟ್ಟುಬಿಟ್ಟೆ. ಆ ನೀಲಿಯನ್ನು ನೂರು ವರ್ಷಕ್ಕೂ ಹಿಂದೆ ಯಾರೋ ಒಬ್ಬ ಕೆಲಸಗಾರ ನನ್ನ ಹಾಗೆಯೇ ಉಸಿರು ಬಿಗಿಹಿಡಿದು ಸರಿಯಾದ ಗಳಿಗೆಗೆ ಎತ್ತಿದ್ದಾನೆ. ಉಜ್ಜಿದರೆ ಆ ಗಳಿಗೆ ಹೋಗುತ್ತದೆ. ಚುಕ್ಕಿ ಬೆಳೆಯದಂತೆ ವಾಚನ್ನು ತೇವದಿಂದ ದೂರ ಇಡುತ್ತೇನೆ, ಅಷ್ಟೇ.

ಮುಳ್ಳು ಕೂರಿಸುವಾಗ ಎರಡನ್ನೂ ಹನ್ನೆರಡಕ್ಕೆ ನೇರ ಮಾಡಿ ಒತ್ತಿದೆ. ಆಮೇಲೆ ಕೀಲಿ ಎಳೆದು ಪೂರ್ತಿ ಹನ್ನೆರಡು ಗಂಟೆ ತಿರುಗಿಸಿ, ಒಂದಕ್ಕೊಂದು ತಾಗುತ್ತದೆಯಾ, ಡಯಲ್‌ಗೆ ಉಜ್ಜುತ್ತದೆಯಾ, ಗಾಜಿಗೆ ಮುಟ್ಟುತ್ತದೆಯಾ ಅಂತ ಬದಿಯಿಂದ ನೋಡಿದೆ. ತಾಗಲಿಲ್ಲ. ತೆಗೆದ ಪೇಂಟ್ ಮುಳ್ಳನ್ನು ಎಸೆದಿಲ್ಲ. ವಾಚಿನ ಡಬ್ಬಿಯಲ್ಲಿ ಪುಟ್ಟ ಪೊಟ್ಟಣ ಮಾಡಿ, ಹೊಸ ಮುಳ್ಳನ್ನು ನಾನು ಮಾಡಿದ್ದು ಅಂತ ದಿನಾಂಕ ಬರೆದ ಚೀಟಿಯ ಜೊತೆ ಇಟ್ಟಿದ್ದೇನೆ. ಮುಂದೆ ಈ ವಾಚು ಯಾರ ಕೈಗೆ ಹೋದರೂ ಯಾವುದು ಹಳೆಯದು, ಯಾವುದು ನನ್ನದು ಅಂತ ಅವರಿಗೆ ಗೊತ್ತಾಗಬೇಕು.