ಒಡ್ಡು ಹತ್ತಿದ ಮೀನು: ಮುಳಶಿ ಕಡೆ ನನ್ನ ಮೂರು ಮಳೆಗಾಲ

ಈ ಸಲ ಆರಿದ್ರಾ ಮಳೆಯ ಮೂರನೇ ರಾತ್ರಿ, ಸುಮಾರು ಎರಡು ಗಂಟೆಗೆ, ನಮ್ಮ ಮೇಸ್ತ್ರಿ "ಸಾಹೇಬ್ರ, ಮ್ಯಾಲ್ ಬಂತ್ರಿ!" ಅಂತ ಕೂಗಿದ. ಮೀನು ಒಡ್ಡು ಹತ್ತಲೆಂದು ಕಟ್ಟಿದ ಏರುಗಾಲುವೆಯ ತಲೆಯಲ್ಲಿ, ಎಣಿಸಲೆಂದು ಕೂರಿಸಿದ್ದ ಬಿಳಿ ಟೈಲಿನ ಮೇಲೆ ಗೇಣುದ್ದದ ಮಹಸೀರ್ ಮರಿಯೊಂದು ಎರಡು ಕ್ಷಣ ನಿಂತು, ಬಾಲ ಒದರಿ ಮೇಲಿನ ಮಡುವಿಗೆ ಜಾರಿತು. ಆಗುವುದಿಲ್ಲ ಎಂದವರೆಲ್ಲ ಮಾರನೇ ದಿನ ಬಂದು ಮೊಬೈಲಿನಲ್ಲಿ ಆ ವಿಡಿಯೊ ನೋಡಿದರು.

ನಾನು ಅಫಜಲಪುರ ಕಡೆಯವನು. ಪುಣೆಯಲ್ಲಿ ಬಾಂದಾರ, ಕಾಲುವೆ ರಿಪೇರಿಯ ಗುತ್ತಿಗೆ ಹಿಡಿದು ಇಪ್ಪತ್ತು ವರ್ಷವಾಯಿತು. ನನ್ನ ಆಳುಗಳೂ ಇಂಡಿ, ಸಿಂದಗಿಯವರೇ. ಕೆಲಸ ನಡೆದದ್ದು ಪುಣೆ ಹತ್ತಿರದ ಮುಳಶಿ ಬದಿಯ ಒಂದು ಹೊಳೆಯಲ್ಲಿ. ಹಳೆಯ ಕಲ್ಲಿನ ಒಡ್ಡು, ಎತ್ತರ 3 ಮೀಟರ್. ಮಗ್ಗುಲಲ್ಲಿ 50 ಕಿಲೋವ್ಯಾಟಿನ ಖಾಸಗಿ ಪವರ್‌ಹೌಸ್, ಮೇಲೆ ರೈತರ ಪಂಪುಗಳು. ಈ ನೀರು ಕೊನೆಗೆ ಸೇರುವುದು ನಮ್ಮ ಭೀಮೆಗೇ. ನಡುವೆ ಉಜನಿ ಅಣೆಕಟ್ಟು ಅಡ್ಡ ಕೂತಿದ್ದರೂ ನನಗೆ ಇದು ಊರಿನ ಹೊಳೆಯೇ.

ಮೊದಲ ವರ್ಷ ಕಾಂಕ್ರೀಟ್ ಮೆಟ್ಟಿಲು ಕಟ್ಟಿದೆ: 45 ಸೆಂಟಿಮೀಟರಿನ ಏಳು ತೊಟ್ಟಿಗಳು. ಪರದೇಶದ ಸಾಲ್ಮನ್ ಮೀನಿನ ನಕಾಶೆ ನೋಡಿ ಮಾಡಿದ ತಪ್ಪು ಅದು. ನಮ್ಮ ಮೀನು ಅಷ್ಟು ಜಿಗಿಯುವುದಿಲ್ಲ, ಒಂದೂ ಎರಡನೇ ತೊಟ್ಟಿ ದಾಟಲಿಲ್ಲ. ಅದೂ ಅಲ್ಲದೆ ಮೀನು ಒಳಬರುವ ಬಾಯಿಯನ್ನು ಒಡ್ಡಿನಿಂದ 25 ಮೀಟರ್ ಕೆಳಗೆ ಇಟ್ಟಿದ್ದೆ. ಮೀನೆಲ್ಲ ಟರ್ಬೈನಿನ ನೀರು ಹೊರಬೀಳುವಲ್ಲಿ ಗುಂಪುಗಟ್ಟಿ ಗೋಡೆಗೆ ಮೂತಿ ಬಡಿಯುತ್ತಿದ್ದವು. ಹೋದದ್ದು ಹೆಚ್ಚುಕಡಿಮೆ 2.8 ಲಕ್ಷ, ಅರ್ಧ ನನ್ನ ಜೇಬಿನದು. ಎರಡನೇ ವರ್ಷ ಮೆಟ್ಟಿಲು ಒಡೆಸಿ ಕಲ್ಲಿನ ಇಳಿಜಾರು ಹಾಕಿಸಿದೆ. ಪುನರ್ವಸು ಮಳೆಯ ಒಂದೇ ನೆರೆಗೆ ಅರ್ಧ ಕಲ್ಲು ಹೋಯಿತು, ಉಳಿದದ್ದರ ಮೇಲೆ ಅಂತರಗಂಗೆ ಬಂದು ಕೂತಿತು. ಮತ್ತೆ ಒಂದೂವರೆ ಲಕ್ಷ. ಆ ರಾತ್ರಿ ಹೆಂಡತಿ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಮೂರನೇ ಸಲ 20ಕ್ಕೆ 1 ಇಳಿಜಾರು, ಅಂದರೆ 60 ಮೀಟರ್ ಉದ್ದ. ಅದನ್ನು ನಡುವೆ ಮಡಚಿ, ಬಾಯಿ ನೇರ ಟರ್ಬೈನಿನ ನೀರಿನ ಪಕ್ಕಕ್ಕೇ ಬರುವಂತೆ ತಿರುಗಿಸಿದೆ. ಕಲ್ಲನ್ನು ಮೂರರಲ್ಲಿ ಎರಡು ಪಾಲು ಹೂತು ನಿಲ್ಲಿಸಿದ್ದು ಮೇಸ್ತ್ರಿಯ ಬುದ್ಧಿ, ಊರಲ್ಲಿ ಬಾವಿ ಕಟ್ಟಿದ ಕೈ ಅದು. ಬಾಯಲ್ಲಿ ಮೂರು ಕಲ್ಲುಗಳನ್ನು ಒಂದು ರೀತಿಯಲ್ಲಿ ಇಟ್ಟಿದ್ದೇವೆ. ಅದನ್ನು ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ಜೆಸಿಬಿ, ಕಲ್ಲು, ಕೂಲಿ ಎಲ್ಲ ಸೇರಿ 90 ಸಾವಿರದ ಆಸುಪಾಸು.

ನಿಜವಾದ ಜಗಳ ಇದ್ದದ್ದು ನೀರಿನದು. ಒಡ್ಡು ತುಂಬಿ ಹರಿಯುವ ಜುಲೈ, ಆಗಸ್ಟಿನಲ್ಲಿ ಮೀನಿಗೆ ಎಷ್ಟು ಬಿಟ್ಟರೂ ಯಾರೂ ಕೇಳುವುದಿಲ್ಲ. ಆದರೆ ಮೀನು ಹತ್ತುವುದು ಮೊದಲ ಮಳೆಗೆ, ಮಲೆನಾಡಿನವರು ಹತ್ತುಮೀನು ಅನ್ನುತ್ತಾರಲ್ಲ, ಇಲ್ಲಿಯವರು ಚಢಣಿಯ ಮೀನು ಅನ್ನುತ್ತಾರೆ. ಆಗ ಮಡು ಇನ್ನೂ ಅರ್ಧ ಖಾಲಿ, ರೈತರ ಪಂಪಿನ ಫುಟ್‌ವಾಲ್ವ್ ನೀರು ಸಿಗದೆ ಗಾಳಿ ಎಳೆಯುತ್ತಿರುತ್ತದೆ. ನಾನು ಒಡ್ಡಿನಲ್ಲಿ ಹಲಗೆ ಹಾಕಿ ಮುಚ್ಚಿದ ಕಿಂಡಿಗಳ ಸೋರಿಕೆ ಅಳೆದೆ. ಹರಿವು ಅಳೆಯುವ ವಿ ಆಕಾರದ ಕಚ್ಚಿನ (ವಿ-ನಾಚ್) ಮೇಲೆ 24 ಸೆಂಟಿಮೀಟರ್ ನೀರು, ಅಂದರೆ ಸೆಕೆಂಡಿಗೆ 40 ಲೀಟರ್, ಹಗಲೂ ರಾತ್ರಿ. ನನ್ನ ಏರುಗಾಲುವೆಗೆ ಬೇಕಾದದ್ದು 120 ಲೀಟರ್, ರಾತ್ರಿ 8 ತಾಸು ಮಾತ್ರ. ಎರಡರ ಲೆಕ್ಕವೂ ದಿನಕ್ಕೆ ಸುಮಾರು 34.5 ಲಕ್ಷ ಲೀಟರ್! ಭೋಸರಿಯ ಗುಜರಿ ಅಂಗಡಿಯಿಂದ ಹಳೆ ಕನ್ವೇಯರ್ ಬೆಲ್ಟ್ ತಂದು, ಸೀಳಿ, ಹಲಗೆಗಳ ಸಂದಿಗೆ ಹೊಡೆಸಿದೆ. ಖರ್ಚು ಆರೇಳು ಸಾವಿರ. ಸೋರಿಕೆ ಒರತೆಯಷ್ಟಕ್ಕೆ ಇಳಿಯಿತು. ರೈತರನ್ನು ನಿಲ್ಲಿಸಿ ಗೋಡೆಯ ಮೇಲಿನ ಬಣ್ಣದ ಗೆರೆ ತೋರಿಸಿದೆ: ಮೀನಿಗೆ ಬಿಟ್ಟಮೇಲೂ ಮಟ್ಟ ಹೋದ ವರ್ಷಕ್ಕಿಂತ ಇಳಿದಿರಲಿಲ್ಲ. ಪವರ್‌ಹೌಸಿನ ಮಾಲೀಕರಿಗೆ ಬೇರೆ ಲೆಕ್ಕ ಕೊಟ್ಟೆ. 120 ಲೀಟರಿಗೆ 3 ಮೀಟರ್ ಬೀಳು ಎಂದರೆ ಎರಡೂವರೆ ಕಿಲೋವ್ಯಾಟ್ ಚಿಲ್ಲರೆ. ಇಪ್ಪತ್ತು ರಾತ್ರಿಗೆ 420 ಯೂನಿಟ್, ಎರಡು ಸಾವಿರ ರೂಪಾಯಿಯ ಮಾತು. ಅವರು ಅಲ್ಲೇ ಒಪ್ಪಿದರು.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ಆದವು. ಕಲ್ಲಿಗೆ ಬಾಯಿ ಹಚ್ಚಿ ಹತ್ತುವ ಗಾರ್ರಾ ಮೀನಿಗೆಂದು ಓರೆ ಹಲಗೆಗೆ ಕತ್ತದ ಚಾಪೆ ಹೊದಿಸಿ ನೀರು ಜಿನುಗಿಸಿದೆ. ಬೆರಳುದ್ದದವು ಅಂಟಿಕೊಂಡು ಹತ್ತಿದವು, ಆದರೆ ಚಾಪೆ ಎರಡು ತಿಂಗಳಿಗೆ ಕೊಳೆಯಿತು. ಎಣಿಸಲೆಂದು ಬಲ್ಬ್ ಹಾಕಿದ ರಾತ್ರಿ ಮೀನು ಬರಲೇ ಇಲ್ಲ. ಆರಿಸಿದ ಮೇಲೆ ಬಂದವು. ಈಗ ಆಗಾಗ ಟಾರ್ಚ್ ಹಾಕಿ ಎಣಿಸುತ್ತೇವೆ.

"ಇಷ್ಟೆಲ್ಲ ಯಾಕೆ, ಲೋಣಾವಳಾದ ಮರಿ ತಂದು ಮೇಲೆ ಬಿಡು" ಅಂದವರಿದ್ದರು. ಅಲ್ಲಿ 1970ರ ದಶಕದಿಂದ ಮಹಸೀರ್ ಮರಿ ಮಾಡುತ್ತಿದ್ದಾರೆ, ಒಳ್ಳೆಯ ಕೆಲಸವೇ. ಆದರೆ ಅಲ್ಲಿಂದ ಹೋದ ಖುದ್ರೀ ಜಾತಿಯ ಮಹಸೀರ್ ಕಾವೇರಿಯಲ್ಲಿ ಬೆಳೆದು ಅಲ್ಲಿಯದೇ ಆದ ಡುಬ್ಬದ ಮಹಸೀರನ್ನು ಮೂಲೆಗೆ ತಳ್ಳಿದ್ದು ನಮಗೆ ಗೊತ್ತಿದೆ. ಇಲ್ಲಿ ಖುದ್ರೀ ಮನೆಯ ಮೀನೇ. ಬ್ರಿಟಿಷ್ ಅಧಿಕಾರಿ ಸೈಕ್ಸ್ 1839ರಲ್ಲಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಪೂರ್ವಕ್ಕೆ ಮುಳಾ-ಮುಠಾದಲ್ಲಿ ಸಿಕ್ಕ ಮೀನಿನಿಂದ. ಆದರೂ ತಂದು ಸುರಿಯುವುದು ನನಗೆ ಒಪ್ಪಲಿಲ್ಲ. ತಾನಾಗಿ ಹತ್ತುವ ಮೀನಿಗೆ ದಾರಿ ಕೊಟ್ಟರಾಯಿತು.

ಆ ಒಂದು ರಾತ್ರಿ ಟೈಲಿನ ಮೇಲೆ 400ರಷ್ಟು ಎಣಿಸಿದೆವು, ಹೆಚ್ಚಿನವು ಪುಂಟಿಯಸ್ ಎಂಬ ಸಣ್ಣ ಮೀನು, ಮಹಸೀರ್ ಹನ್ನೊಂದು. ಈಗ ಉಳಿದಿರುವುದು ಇಳಿದು ಬರುವ ಮರಿಗಳ ಚಿಂತೆ. ಟರ್ಬೈನಿನ ಬಾಯಿಗೆ ಹಾಕಿದ ಜಾಲರಿಯ ಸಂದು 20 ಮಿಲಿಮೀಟರ್. ಅದನ್ನು ಸಣ್ಣದು ಮಾಡಿದರೆ ಎಲೆ ಕಟ್ಟಿ ನೀರು ನಿಲ್ಲುತ್ತದೆ. ಗಣೇಶ ಚೌತಿ ಕಳೆದ ಮೇಲೆ ಜಾಲರಿಯನ್ನು ಓರೆಯಾಗಿ ಕೂರಿಸಿ ನೋಡುವವನಿದ್ದೇನೆ, ಕಬ್ಬಿಣ ಆಗಲೇ ತರಿಸಿಟ್ಟಿದ್ದೇನೆ.